ಬಲೂನಿನ ಮೇಲೆ ಅತ್ತೆಯ ಮುಖ

ಬಲೂನಿನ ಮೇಲೆ ನಮ್ಮತ್ತೆಯ ಮುಖವನ್ನು ಹಾಗೆ ಊದಿಸಿದ್ದು ಪ್ರಿಂಟಿಂಗ್ ಅಂಗಡಿಯ ನವಾಜ್ ಅಲ್ಲ, ಅವನ ಮಿಷನ್ನೂ ಅಲ್ಲ — ನಾನು. ಕೈತಪ್ಪಿ ಆದದ್ದಲ್ಲ. ಗೊತ್ತಿದ್ದೂ ಗೊತ್ತಿದ್ದೂ, ಪಕ್ಕದಲ್ಲಿ ನಿಂತು ಊದಿಸಿದೆ. ಊದಿಸಿ ಹೊಟ್ಟೆ ತುಂಬ ನಕ್ಕೆ ಕೂಡ.

ಈ ಮಾತನ್ನು ಇಷ್ಟು ವರ್ಷ ಯಾರ ಹತ್ತಿರವೂ ಆಡಿರಲಿಲ್ಲ. ನಮ್ಮ ಯಜಮಾನರ ಹತ್ತಿರವೂ ಇಲ್ಲ. ಮಳವಳ್ಳಿಯಲ್ಲಿ ಆ ಬಲೂನಿನ ಮಾತೆತ್ತಿ ನಗುವವರು ಈಗಲೂ ಇದ್ದಾರೆ. ಅವರು ನಕ್ಕಾಗ ನಾನೂ ಜೊತೆಗೆ ನಕ್ಕು, ಏನು ಮಾಡೋದು, ಪ್ರಿಂಟ್ ಮಾಡಿದವನ ಎಡವಟ್ಟು ಅಂತ ಹೇಳಿ ಕೈತೊಳೆದುಕೊಳ್ಳುತ್ತಿದ್ದೆ. ಎಷ್ಟು ಸಲ ಹೇಳಿದ್ದೆನೆಂದರೆ, ಕೊನೆಕೊನೆಗೆ ನನಗೇ ಅದು ನಿಜವೆನ್ನಿಸುತ್ತಿತ್ತು.

ನಮ್ಮದು ಮಳವಳ್ಳಿ ಬಸ್‌ಸ್ಟ್ಯಾಂಡ್ ಹತ್ತಿರದ ಕಾಂಡಿಮೆಂಟ್ಸ್ ಅಂಗಡಿ. ಚಕ್ಕುಲಿ, ಕೋಡುಬಳೆ, ಹುರಿಗಾಳು, ಎಲ್ಲಕ್ಕಿಂತ ಮುಂದೆ ನಿಪ್ಪಟ್ಟು. ಬೋರ್ಡಿನ ಮೇಲೆ 'ಕೆಂಪಮ್ಮ ಕಾಂಡಿಮೆಂಟ್ಸ್' ಎಂದಿದೆ. ಕೆಂಪಮ್ಮ ಅಂದರೆ ನಮ್ಮತ್ತೆ. ಮಾವನವರು ಗದ್ದೆ ಕಡೆ, ಯಜಮಾನರು ಅಂಗಡಿಯ ಗಲ್ಲಾಪೆಟ್ಟಿಗೆ ಕಡೆ, ಅತ್ತೆ ಮತ್ತು ನಾನು ಒಲೆ ಕಡೆ. ಈಗಲೂ ಹಾಗೆಯೇ.

ಅತ್ತೆಯನ್ನು ನೀವು ಆಗ ನೋಡಬೇಕಿತ್ತು. ಕಡ್ಡಿಯಂಥ ಮೈ, ನೇರ ಮೂಗು, ಕಾಸಿನಗಲದ ಕುಂಕುಮ. ಫೋಟೋ ಅಂದರೆ ಪ್ರಾಣ. ಯಾರ ಮನೆಯ ಮದುವೆಯೇ ಆಗಲಿ, ಫೋಟೋದವನು ರೆಡಿ ಅನ್ನುವಷ್ಟರಲ್ಲಿ ಅತ್ತೆ ಮುಂದಿನ ಸಾಲಿನಲ್ಲಿ ಗಲ್ಲ ಸ್ವಲ್ಪ ಮೇಲೆತ್ತಿ ನಿಂತಿರುತ್ತಿದ್ದರು. ನಮಗೂ ಅವರಿಗೂ ಯಾವ ಸಂಬಂಧವೂ ಇಲ್ಲದ ಮನೆಗಳ ಆಲ್ಬಮ್ಮಿನಲ್ಲೂ ನಮ್ಮತ್ತೆ ಇದ್ದಾರೆ. ಆಧಾರ್ ಕಾರ್ಡಿಗೆ ಫೋಟೋ ತೆಗೆಸಲು ಹೋದ ದಿನ ಪೌಡರ್ ಹಚ್ಚಿ, ಮಲ್ಲಿಗೆ ಮುಡಿದು, ಕಣ್ಣು ಮುಚ್ಚಿಹೋಯಿತು ಇನ್ನೊಂದು ತೆಗಿ ಎಂದು ಅಲ್ಲಿದ್ದ ಹುಡುಗಿಯ ಜೀವ ತಿಂದಿದ್ದರು. ಅಂಥವರು!

ಇನ್ನು ನನ್ನ ಹೊಟ್ಟೆಕಿಚ್ಚಿನ ವಿಷಯ. ಅದನ್ನು ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ಹೇಳಿದ ಮಾತ್ರಕ್ಕೆ ನನ್ನ ತಪ್ಪು ಸಣ್ಣದಾಗುತ್ತದೆ ಅಂತಲ್ಲ — ಆಗುವುದೂ ಇಲ್ಲ.

ಆ ನಿಪ್ಪಟ್ಟು ನನ್ನ ಅಮ್ಮನದು. ಅಮ್ಮ ಕೆರಗೋಡಿನವಳು, ಹೆಸರು ಚಿಕ್ಕತಾಯಮ್ಮ. ಅಕ್ಕಿಹಿಟ್ಟು ಕಲಸುವಾಗ ಎಲ್ಲರೂ ಹಾಕುವುದನ್ನು ಹಾಕಿ, ಕೊನೆಗೆ ಹುರಿದ ಹುಚ್ಚೆಳ್ಳಿನ ಪುಡಿ ಒಂದು ಹಿಡಿ ಉದುರಿಸುವುದು ಅವಳ ಪದ್ಧತಿ. ಆ ಘಮ ಬೇರೆ ನಿಪ್ಪಟ್ಟಿಗೆ ಬರುವುದಿಲ್ಲ. ಮದುವೆಯಾಗಿ ಬಂದಾಗ ನಾನು ತಂದ ಒಡವೆಗಿಂತ ಹೆಚ್ಚು ಬಾಳಿದ್ದು ಆ ಹುಚ್ಚೆಳ್ಳಿನ ಪುಡಿಯೇ. ಮೊದಲು ಮನೆಯಲ್ಲೇ ಮಾಡಿ ಅಕ್ಕಪಕ್ಕದವರಿಗೆ ಕೊಡುತ್ತಿದ್ದೆವು. ರುಚಿಯ ಸುದ್ದಿ ಹಬ್ಬಿತು, ಆರ್ಡರ್ ಜಾಸ್ತಿಯಾಯಿತು, ಅಂಗಡಿ ಮಾಡೋಣ ಎಂದಾಯಿತು. ಅಂಗಡಿ ಆಗುವ ಹಿಂದಿನ ವರ್ಷ ಅಮ್ಮ ತೀರಿಕೊಂಡಳು. ನಿಪ್ಪಟ್ಟಿಗೆಂದು ಮನೆಗೆ ಬಂದವರು ಇದಕ್ಕೆ ಏನು ಹಾಕುತ್ತೀರಿ ಕೆಂಪಮ್ಮನವರೆ ಎಂದು ಕೇಳಿದರೆ ಅತ್ತೆ ಸೆರಗು ಕೊಡವಿ ಹೇಳುತ್ತಿದ್ದುದು ಒಂದೇ ಮಾತು:

"ನಮ್ಮತ್ತೆ ಕಾಲ್ದಿಂದ ಬಂದಿರೋ ಕೈಗುಣ ಕಣಪ್ಪ."

ಪಕ್ಕದಲ್ಲೇ ಎಣ್ಣೆಯ ಮುಂದೆ ಕೂತಿರುವ ನನಗೆ — ಬಾಯಿ ಬಿಟ್ಟು ಒಂದು ಮಾತು ಹೇಳಬಹುದಿತ್ತು. ಅತ್ತೆ, ಇದು ನಮ್ಮಮ್ಮನದಲ್ಲವಾ ಎಂದರೆ ಅವರು ಕೇಳುತ್ತಿದ್ದರೋ ಇಲ್ಲವೋ, ನಾನಂತೂ ಕೇಳಲಿಲ್ಲ. ಒಳಗೇ ಕುದಿದೆ. ಒಳಗೆ ಕುದಿಯುವವರಿಗೆ ಕೈಗೊಂದು ಬಲೂನು ಸಿಕ್ಕರೆ ಏನಾಗುತ್ತದೆ ಎಂದು ಈಗ ಹೇಳುತ್ತೇನೆ.

ಪ್ರಾರಂಭೋತ್ಸವಕ್ಕೆ ಪಾಂಪ್ಲೆಟ್ ಹಂಚುವ ಬದಲು ಮಕ್ಕಳಿಗೆ ಬಲೂನು ಹಂಚೋಣ, ಮಕ್ಕಳ ಹಿಂದೆ ಅಪ್ಪ ಅಮ್ಮ ಬರುತ್ತಾರೆ ಎಂದದ್ದು ಯಜಮಾನರು. ಒಳ್ಳೆಯ ಯೋಚನೆ. ಬಲೂನಿನ ಮೇಲೆ ಅಂಗಡಿ ಹೆಸರಿನ ಜೊತೆ ತಮ್ಮ ಅಮ್ಮನ ಫೋಟೋ ಇರಲಿ ಎಂದದ್ದೂ ಅವರೇ. ಅತ್ತೆಗೆ ಹಿಡಿಸಲಾರದಷ್ಟು ಸಂತೋಷ. ಮೈಸೂರಿನ ಸ್ಟುಡಿಯೋದಲ್ಲಿ ತೆಗೆಸಿದ್ದ ಫೋಟೋವನ್ನು ಟ್ರಂಕಿನಿಂದ ತೆಗೆದು, ಸೀರೆಯ ಅಂಚಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು. ಬಣ್ಣ, ಅಕ್ಷರ, ಎಲ್ಲ ನೀನೇ ಆರಿಸು, ನಿನಗೆ ಅದೆಲ್ಲ ತಿಳಿಯುತ್ತೆ ಎಂದರು. ನನ್ನನ್ನು ನಂಬಿ ಕೊಟ್ಟರು ಎನ್ನುವುದನ್ನು ನಾನು ಮರೆಯಬಾರದು.

ಫೋಟೋ ತೆಗೆದುಕೊಂಡು ಮದ್ದೂರಿಗೆ ಹೋದೆ. ನವಾಜನ ಅಂಗಡಿಯಲ್ಲಿ ಮದುವೆ ಕಾರ್ಡು, ಕೈಚೀಲ, ಬ್ಯಾನರು, ಬಲೂನು — ಯಾವುದರ ಮೇಲೆ ಬೇಕಾದರೂ ಅಚ್ಚು ಹಾಕಿಕೊಡುತ್ತಾನೆ. ಅವನು ಮೊದಲೇ ಹೇಳಿದ:

"ಮಕ ಬ್ಯಾಡ ಕಣಕ್ಕ. ಎಸರು ಆಕ್ಸಿ ಸಾಕು. ಗಾಳಿ ಜಾಸ್ತಿ ಆದ್ರೆ ಕೆನ್ನೆ ಎಲ್ಲಿಗೋಯ್ತದೋ ಯೋಳಕಾಗಕಿಲ್ಲ."

ಹೇಳಿದ್ದಷ್ಟೇ ಅಲ್ಲ, ಮಾಡಿಯೂ ತೋರಿಸಿದ. ಹಳದಿ ಬಲೂನನ್ನು ಒಂದು ಅಳತೆಗೆ ಊದಿ, ಅದರ ಮೇಲೆ ಅತ್ತೆಯ ಮುಖವನ್ನು ಕೆಂಪು ಬಣ್ಣದಲ್ಲಿ ಒತ್ತಿದ. ಚೆನ್ನಾಗಿಯೇ ಬಂತು, ಸ್ಟುಡಿಯೋದಲ್ಲಿ ಗಲ್ಲ ಮೇಲೆತ್ತಿದ ಅದೇ ಕೆಂಪಮ್ಮ. ಆರಿದ ಮೇಲೆ ಅದಕ್ಕೆ ಇನ್ನಷ್ಟು ಗಾಳಿ ಬಿಟ್ಟ. ಕೆನ್ನೆ ಎರಡೂ ಕಡೆ ಪೂರಿಯಂತೆ ಉಬ್ಬಿತು. ಮೂಗು ಅಗಲವಾಯಿತು. ಗಲ್ಲ ಕೆಳಗೆ ಜಾರಿ ಕಾಣದಂತಾಯಿತು. ಕಾಸಿನಗಲದ ಕುಂಕುಮ ತಟ್ಟೆಯಗಲವಾಯಿತು. ಹೆಸರೊಂದೇ ಆದರೆ ಎಷ್ಟು ಉಬ್ಬಿದರೂ ಓದಬಹುದು. ಮುಖವೇ ಬೇಕಿದ್ದರೆ ಚಿಕ್ಕದಾಗಿ ನಡುವೆ ಹಾಕಿ, ಗಾಳಿ ಕಡಿಮೆ ಬಿಡಬೇಕು ಎಂದು ವಿವರಿಸಿದ. ಅವನ ಮಾತು ನನಗೆ ಪೂರ್ತಿ ಅರ್ಥವಾಗಿತ್ತು.

ನಾನು ನಗುತ್ತಿದ್ದೆ. ಅಮ್ಮ ಹೋದ ಮೇಲೆ ಅಷ್ಟು ನಕ್ಕಿದ್ದು ಅದೇ ಮೊದಲು. ಆ ಕೆನ್ನೆಗಳನ್ನು ನೋಡುತ್ತಾ, ನಮ್ಮತ್ತೆ ಕಾಲದಿಂದ ಬಂದ ಕೈಗುಣವಂತೆ — ನೋಡಲಿ ಊರು, ನೋಡಲಿ... ಅಂದುಕೊಂಡೆ. ಪಾಪ, ನವಾಜನಿಗೆ ನಾನು ಯಾಕೆ ನಗುತ್ತಿದ್ದೇನೆ ಎನ್ನುವುದು ಗೊತ್ತಿರಲಿಲ್ಲ. ಅವನೂ ನಕ್ಕ.

"ದೊಡ್ಡ ಮುಖವೇ ಇರಲಿ, ಪೂರ್ತಿ ಊದಿ" ಎಂದೆ.

"ನಿಮ್ಮತ್ತೆನ ಒಂದ್ಮಾತು ಕೇಳಿ ಅಕ್ಕ."

"ಅತ್ತೆ ಒಪ್ಪಿದ್ದಾರೆ" ಎಂದೆ.

ಅಷ್ಟೇ. ಆ ಮಾತು ಆಡುವುದಕ್ಕೆ ಒಂದು ಉಸಿರೂ ಬೇಕಾಗಲಿಲ್ಲ.

ಪ್ರಾರಂಭೋತ್ಸವದ ದಿನ ನವಾಜನೇ ಬಂದು ಅಂಗಡಿಯ ಬಾಗಿಲಿಗೆ ಬಲೂನಿನ ಕಮಾನು ಕಟ್ಟಿದ. ಅತ್ತೆ ಒಳಗೆ ಪೂಜೆಗೆ ಕೂತಿದ್ದರು. ಮಂಗಳಾರತಿ ಮುಗಿಸಿ, ಜರಿಸೀರೆಯಲ್ಲಿ, ಫೋಟೋದವನು ಎಲ್ಲಿ ಎಂದು ಹುಡುಕುತ್ತಾ ಹೊರಗೆ ಬಂದವರು ತಲೆಯೆತ್ತಿ ನೋಡಿದರು. ಬಾಗಿಲ ಸುತ್ತ, ಮಕ್ಕಳ ಕೈಯಲ್ಲಿ, ಎದುರಿನ ಕರೆಂಟು ಕಂಬದ ಮೇಲೆ — ಎಲ್ಲಿ ನೋಡಿದರೂ ಉಬ್ಬಿದ ಕೆಂಪಮ್ಮಂದಿರು. ಗಾಳಿ ಬೀಸಿದಾಗ ಎಲ್ಲ ಒಟ್ಟಿಗೆ ತಲೆಯಾಡಿಸುತ್ತಿದ್ದರು. ಜನದ ನಡುವಿನಿಂದ ಒಬ್ಬ, ಇದ್ಯಾವಾಗಕ್ಕ ಇಷ್ಟು ದಪ್ಪ ಆದೆ ಎಂದು ಕೂಗಿದ. ಆಮೇಲೆ ನಗು ನಿಲ್ಲಲೇ ಇಲ್ಲ. ಪೂಜೆಗೆ ಬಂದಿದ್ದ ಐನೋರೂ ಆರತಿ ತಟ್ಟೆ ಹಿಡಿದುಕೊಂಡೇ ನಕ್ಕುಬಿಟ್ಟರು.

ಅತ್ತೆ ನೇರವಾಗಿ ನವಾಜನ ಮುಂದೆ ಹೋಗಿ ನಿಂತರು. ಅವನಿಗೆ ಬಿದ್ದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಕೆಲಸ ಬರದಿದ್ದರೆ ಯಾಕೆ ಅಂಗಡಿ ಇಟ್ಟುಕೊಂಡಿದ್ದೀಯೆ ಎನ್ನುವಲ್ಲಿಂದ ಶುರುವಾಗಿ ಎಲ್ಲೆಲ್ಲಿಗೋ ಹೋಯಿತು. ಅವನು ನನ್ನ ಕಡೆ ನೋಡಿದ — ಒಂದೇ ಸಲ. ನಾನು ಬಾಗಿಲಿನ ಮಾವಿನ ತೋರಣ ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡುತ್ತಿದ್ದೆ. ತೋರಣ ಸರಿಯಾಗಿಯೇ ಇತ್ತು.

"ತಪ್ಪಾಯ್ತು ಕಣಮ್ಮ. ನಾನೇ ನೋಡ್ಕಬೇಕಿತ್ತು" ಎಂದ ಅವನು.

ಅಂದಿನಿಂದ ನಮ್ಮ ಮನೆಯ ಒಂದು ಕಾಗದವೂ ಅವನ ಅಂಗಡಿಗೆ ಹೋಗಲಿಲ್ಲ. ನೆಂಟರಿಷ್ಟರ ಮದುವೆ ಕಾರ್ಡನ್ನೂ ಅತ್ತೆ ಅಲ್ಲಿಂದ ತಪ್ಪಿಸಿದರು.

ವ್ಯಾಪಾರ ಮಾತ್ರ — ನಂಬುತ್ತೀರೋ ಇಲ್ಲವೋ — ಆ ಬಲೂನಿನಿಂದಲೇ ಕುದುರಿತು. ಮಕ್ಕಳು ಬಲೂನಜ್ಜಿ ಅಂಗಡಿಗೆ ಹೋಗೋಣ ಎಂದು ಹಟ ಹಿಡಿದವು. ಒಂದು ಬಲೂನು ಕೊಳ್ಳೇಗಾಲದ ಬಸ್ಸಿನ ಏಣಿಗೆ ಸಿಕ್ಕಿಕೊಂಡು ಊರು ಬಿಟ್ಟಿತು. ಚಿಕ್ಕರಸಿನಕೆರೆಗೆ ಪೂಜೆಗೆಂದು ಹೋದರೆ, ದೇವಸ್ಥಾನದ ಎದುರಿನ ತೆಂಗಿನಕಾಯಿ ಅಂಗಡಿಯವಳು ಅತ್ತೆಯ ಮುಖವನ್ನು ಕಂಬಕ್ಕೆ ಕಟ್ಟಿಕೊಂಡಿದ್ದಳು. ಅತ್ತೆ ಕಾಯಿ ಕೊಳ್ಳದೆ ಬರಿಗೈಯಲ್ಲಿ ಒಳಗೆ ಹೋದರು. ನಾನು ಹಿಂದೆ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಅದೂ ತಪ್ಪೇ. ಆದರೆ ಅಂದು ನಗು ತಡೆಯಲು ನನ್ನಿಂದಾಗಲಿಲ್ಲ.

ನಗು ನಿಂತದ್ದು ಮನೆಯಲ್ಲಿ. ಉಳಿದ ಬಲೂನುಗಳನ್ನು ಮಂಚದ ಕೆಳಗೆ ತುಂಬಿದ್ದೆವು. ದಿನ ಕಳೆದ ಹಾಗೆ ಅವುಗಳ ಗಾಳಿ ಇಳಿಯಿತು. ಕೆನ್ನೆಗಳು ಒಳಗೆ ಹೋದವು, ಹಣೆಯ ತುಂಬ ಸುಕ್ಕು, ಬಾಯಿ ಮುದುರಿ ಒಂದು ಕಡೆಗೆ ವಾಲಿತು. ಅತ್ತೆ ಒಂದು ಮಧ್ಯಾಹ್ನ ಕಸ ಗುಡಿಸುತ್ತಾ ಅಂಥದೊಂದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಕೂತಿದ್ದರು. ನಾನು ಕಾಫಿ ತಂದಿಟ್ಟೆ. ತಲೆ ಎತ್ತಲಿಲ್ಲ.

"ಕೊನೆಗೆ ಇಂಗೇ ಕಾಣ್ತೀನೇನೋ ಕಣಮ್ಮಿ" ಎಂದರು.

ಅವರ ದನಿಯಲ್ಲಿ ಜಗಳವಿರಲಿಲ್ಲ, ಸಿಟ್ಟಿರಲಿಲ್ಲ. ಆಗಲೇ ಹೇಳಬೇಕಿತ್ತು, ಕಾಲಿಗೆ ಬಿದ್ದು... ಹೇಳಲಿಲ್ಲ. ಕಾಫಿ ಆರುತ್ತೆ ಕುಡಿಯಿರಿ ಎಂದು ಹೇಳಿ ಒಳಗೆ ಹೋದೆ.

ಅಲ್ಲಿಂದ ಮುಂದೆ ಅತ್ತೆ ಫೋಟೋಕ್ಕೆ ನಿಂತಿಲ್ಲ. ಮೊಬೈಲ್ ಎತ್ತಿದವರನ್ನು ಕಂಡರೆ ಎದ್ದು ಹೋಗುತ್ತಾರೆ. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟು ಫ್ರೀ ಆದ ಮೇಲೆ ಆಧಾರ್ ತೋರಿಸಬೇಕಲ್ಲ, ಆ ಕಾರ್ಡಿನ ಮುಖದ ಮೇಲೆ ಹೆಬ್ಬೆಟ್ಟು ಒತ್ತಿ ಹಿಡಿದು ತೋರಿಸುತ್ತಾರೆ. ಪೌಡರ್ ಹಚ್ಚಿ, ಮಲ್ಲಿಗೆ ಮುಡಿದು ತೆಗೆಸಿದ್ದ ಅದೇ ಕಾರ್ಡು.

ನಾದಿನಿ ಸುಮಾಳನ್ನು ಹೊಳಲಿಗೆ ಮದುವೆ ಮಾಡಿಕೊಟ್ಟೆವು. ಒಬ್ಬಳೇ ಮಗಳ ಮದುವೆ. ಧಾರೆಯ ಫೋಟೋದಲ್ಲಿ ನೀರು ಬಿಡುವ ಅತ್ತೆಯ ಕೈ ಇದೆ, ಕೈತುಂಬ ಹಸಿರು ಬಳೆ ಇವೆ. ಮುಖವಿರಬೇಕಾದ ಕಡೆ ಸೆರಗು. ಇಡೀ ಆಲ್ಬಮ್ಮಿನಲ್ಲಿ ಅಷ್ಟೇ. ಕಳೆದ ಯುಗಾದಿಗೆ ಸುಮಾ ಬಂದಿದ್ದಾಗ ಅವಳ ಮಗಳು ಆಲ್ಬಮ್ ಮಗುಚುತ್ತಾ, ಇದರಲ್ಲಿ ಅಜ್ಜಿ ಇಲ್ಲವಾ ಎಂದು ಕೇಳಿದಳು. ಅಜ್ಜಿಗೆ ಫೋಟೋ ಅಂದರೆ ಆಗಲ್ಲ ಕಣೇ ಎಂದಳು ಸುಮಾ. ಆ ಮಗು ಅದನ್ನೇ ನಿಜವೆಂದು ನಂಬಿತು. ಫೋಟೋ ಅಂದರೆ ಆಗದವರಂತೆ, ನಮ್ಮತ್ತೆ! ನಾನು ಹೋಳಿಗೆಯ ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಈಗ ಮಂಡ್ಯದಲ್ಲಿ ನಮ್ಮ ಎರಡನೇ ಅಂಗಡಿ ಶುರುವಾಗುತ್ತಿದೆ. ಯಜಮಾನರು ಮತ್ತೆ ಬಲೂನಿನ ಮಾತೆತ್ತಿದರು. ಅತ್ತೆ ನಿಪ್ಪಟ್ಟು ತಟ್ಟುತ್ತಲೇ, ಯಾರ ಮುಖವನ್ನಾದರೂ ಹಾಕಿಸಿ, ನನ್ನದು ಬೇಡ, ಆ ಮದ್ದೂರಿನವನ ಹತ್ತಿರ ಮಾತ್ರ ಹೋಗಬೇಡಿ ಎಂದರು. ಯಜಮಾನರು ಅಂಗಡಿಗೆ ಹೋದರು. ಒಲೆಯ ಮುಂದೆ ನಾವಿಬ್ಬರೇ ಉಳಿದೆವು. ಬಾಣಲೆಯಲ್ಲಿ ನಿಪ್ಪಟ್ಟು ತೇಲುತ್ತಿದ್ದವು.

ಹೇಳಿದೆ. ಹೇಗೆ ಶುರು ಮಾಡಿದೆನೋ ನೆನಪಿಲ್ಲ. ನವಾಜ್ ಬೇಡವೆಂದದ್ದು, ನಾನು ಊದಿಸಿದ್ದು, ಅತ್ತೆ ಒಪ್ಪಿದ್ದಾರೆ ಎಂದು ಸುಳ್ಳು ಹೇಳಿದ್ದು, ತೋರಣ ನೋಡುತ್ತಾ ನಿಂತದ್ದು. ಯಾಕೆ ಹಾಗೆ ಮಾಡಿದೆ ಎನ್ನುವುದನ್ನೂ ಹೇಳಿದೆ — ಅಮ್ಮ, ಹುಚ್ಚೆಳ್ಳಿನ ಪುಡಿ, ಕೈಗುಣದ ಮಾತು. ಅಷ್ಟು ಹೊತ್ತಿಗೆ ನಾನು ಅಳುತ್ತಿದ್ದೆ. ಅತ್ತೆ ಬಾಣಲೆಯ ಕಡೆ ನೋಡಿದರು.

"ಎಣ್ಣೇಲಿರೋದ ತಗಿ ಮೊದ್ಲು. ಸೀದೋಯ್ತದೆ."

ತೆಗೆದೆ. ಅತ್ತೆ ಎದ್ದು ಕೈ ತೊಳೆದರು. ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದರು. ನಿಪ್ಪಟ್ಟಿನ ಒಂದು ದೊಡ್ಡ ಪೊಟ್ಟಣ ಕಟ್ಟಿದರು. ನನ್ನನ್ನು ಮನೆಯಿಂದಾಚೆ ಕಳಿಸುತ್ತಾರೇನೋ ಎಂದು ಒಂದು ಗಳಿಗೆ ಹೆದರಿದ್ದು ನಿಜ.

"ಎದ್ದೇಳು, ಮದ್ದೂರ್ಗೋಗವ. ಅಷ್ಟು ಜನದ್ಮುಂದೆ ಅವುನ್ನ ಉಗ್ದಿವ್ನಿ ಕಣಮ್ಮಿ ನಾನು."

ನನ್ನ ಬಗ್ಗೆ ಒಂದು ಮಾತೂ ಇಲ್ಲ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತರು, ಕಿಟಕಿ ಕಡೆ ತಿರುಗಿಕೊಂಡು. ಕಂಡಕ್ಟರ್ ಬಂದಾಗ ಎಂದಿನಂತೆ ಹೆಬ್ಬೆಟ್ಟು ಒತ್ತಿ ಕಾರ್ಡು ತೋರಿಸಿದರು. ಬೆರಳು ತೆಗೀರಮ್ಮ, ಮುಖ ಕಾಣಬೇಕು ಎಂದ ಅವನು. ಎದುರಿಗೇ ಇದ್ದೀನಲ್ಲ, ನೋಡ್ಕೋ ಎಂದರು ಅತ್ತೆ. ದಾರಿಯುದ್ದಕ್ಕೂ ಕಬ್ಬಿನ ಗದ್ದೆ ನೋಡಿಕೊಂಡೇ ಬಂದರು.

ನವಾಜನಿಗೆ ತಲೆ ಸ್ವಲ್ಪ ನೆರೆತಿತ್ತು. ಅತ್ತೆಯನ್ನು ಕಂಡವನೇ ಎದ್ದು ನಿಂತ. ಮತ್ತೆ ಯಾವುದಕ್ಕೆ ಬೈಯಲು ಬಂದರೋ ಎನ್ನುವ ಮುಖ. ಅತ್ತೆ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಸುತ್ತಿ ಬಳಸದೆ, ಅವತ್ತು ಬೈದದ್ದು ನನ್ನ ತಪ್ಪು ಕಣಪ್ಪ, ತಪ್ಪು ನಮ್ಮ ಮನೇದು ಎಂದರು. 'ನಮ್ಮ ಮನೇದು' ಎಂದರು — ನನ್ನ ಕಡೆ ಬೆರಳು ತೋರಿಸಲಿಲ್ಲ. ನಾನೇ ಮುಂದೆ ಬಂದು, ಅತ್ತೆ ಒಪ್ಪಿದ್ದಾರೆ ಎಂದು ನಿಮಗೆ ಸುಳ್ಳು ಹೇಳಿದ್ದೆ, ಆಮೇಲೆ ನಿಮ್ಮನ್ನೇ ಬೈಯಲು ಬಿಟ್ಟೆ ಎಂದು ಹೇಳಿದೆ. ಕೇಳಿ ಅವನು ಟೀ ತರಿಸಿದ.

"ಮದ್ವೆ ಕಾರ್ಡ್ ಮಾಡೋನು ಕಣಮ್ಮ ನಾನು. ಬೈಸ್ಕಳದು ನಂಗೇನ್ ವಸ್ದಾ?" ಎಂದ.

ಮೂವರೂ ನಕ್ಕೆವು. ಆದರೆ ಅವನು ಕಳೆದುಕೊಂಡ ನಮ್ಮ ನೆಂಟರ ಕಾರ್ಡುಗಳೆಷ್ಟು ಎಂದು ಯೋಚಿಸಿದರೆ ನನಗೆ ಟೀ ರುಚಿಸಲಿಲ್ಲ.

ಆಮೇಲೆ ಬಲೂನು ಆರಿಸಲು ಕೂತೆವು. ಹೊಸ ಹೊಸ ಬಣ್ಣ ಬಂದಿವೆ, ಮುತ್ತಿನ ಹೊಳಪಿನವೂ ಇವೆ. ಅತ್ತೆ ಮತ್ತೆ ಹಳದಿಯನ್ನೇ ಎತ್ತಿಕೊಂಡರು. ಮುಖ ಬೇಡ, ನಿಪ್ಪಟ್ಟಿನ ಚಿತ್ರ ಹಾಕು ಎಂದರು. ಉಬ್ಬಿದರೆ ದೊಡ್ಡ ನಿಪ್ಪಟ್ಟು, ಇಳಿದರೆ ಸಣ್ಣ ನಿಪ್ಪಟ್ಟು, ಯಾರಿಗೂ ಬೇಜಾರಿಲ್ಲ ಎನ್ನುವುದು ಅವರ ಲೆಕ್ಕ. ನವಾಜ್ ಒಂದು ಮಾದರಿ ಮಾಡಿ, ಸಿಡಿಯುವಷ್ಟು ಊದಿ ತೋರಿಸಿದ. ನಿಪ್ಪಟ್ಟು ನಿಪ್ಪಟ್ಟಾಗಿಯೇ ಇತ್ತು. ಅದರ ಕೆಳಗೆ ಏನು ಬರೆಯಲಿ, ಕೆಂಪಮ್ಮನ ನಿಪ್ಪಟ್ಟು ಅಂತಲೇ ಎಂದು ಕೇಳಿದ.

ಅತ್ತೆ ಟೀ ಲೋಟ ಕೆಳಗಿಟ್ಟರು.

"ಬ್ಯಾಡ. ಕೆರಗೋಡು ಚಿಕ್ಕತಾಯಮ್ಮನ ನಿಪ್ಪಟ್ಟು ಅಂತ ಬರಿ. ಆಯಮ್ಮಂದು ಅದು."

ನಾನು ತಡೆಯಲು ಹೋದೆ, ಬೇಡ ಅತ್ತೆ ಎಂದೆ. ಸುಮ್ಮನಿರು ಎಂದರು. ಅಮ್ಮನ ಹೆಸರನ್ನು ಅವರ ಬಾಯಲ್ಲಿ ಕೇಳಬೇಕೆಂದು ನಾನು ಎಷ್ಟು ಆಸೆಪಟ್ಟಿದ್ದೆ! ಅದು ಬಂದಾಗ ನನಗೆ ನಾಚಿಕೆಯಾಯಿತು. ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ಆ ಒಂದು ಮಾತು ಕೇಳಲಾರದೆ ನಾನು ಏನೆಲ್ಲ...

ವಾಪಸು ಬರುವ ಬಸ್ಸಿನಲ್ಲಿ ಜನ ತುಂಬಿದ್ದರು. ಹೇಗೋ ಕೂತೆವು. ಅತ್ತೆಯ ಮಡಿಲಲ್ಲಿ, ನವಾಜ್ ಹೆಸರನ್ನೂ ಅಚ್ಚು ಹಾಕಿ ಊದಿಕೊಟ್ಟ ಹೊಸ ಮಾದರಿ ಬಲೂನು. ನಮ್ಮಮ್ಮನ ಹೆಸರು ಅವರ ಗಲ್ಲಕ್ಕೆ ತಾಗುತ್ತಿತ್ತು. ಎರಡೂ ಕೈಯಿಂದ ಅದನ್ನು ಹಿಡಿದುಕೊಂಡಿದ್ದರು. ಕಂಡಕ್ಟರ್ ನಮ್ಮ ಸೀಟಿನ ಹತ್ತಿರ ಬಂದಾಗ, ಸೊಂಟದ ಚೀಲದ ಕಡೆ ಕಣ್ಣಲ್ಲೇ ತೋರಿಸಿದರು.

"ನನ್ ಕಾರ್ಡೂ ನೀನೇ ತೋರ್ಸು."

ತೆಗೆದೆ. ಇಷ್ಟು ವರ್ಷದಲ್ಲಿ ಹೆಬ್ಬೆಟ್ಟಿಲ್ಲದೆ ಆ ಕಾರ್ಡನ್ನು ನಾನು ನೋಡಿರಲಿಲ್ಲ. ಪೌಡರ್, ಮಲ್ಲಿಗೆ, ಮೇಲೆತ್ತಿದ ಗಲ್ಲ. ಉಜ್ಜಿ ಉಜ್ಜಿ ಒಂದು ಕಡೆ ಕೆನ್ನೆ ಮಾಸಿಹೋಗಿತ್ತು. ಕಂಡಕ್ಟರ್ ನೋಡಿ ಮುಂದೆ ಹೋದ. ಅತ್ತೆ ನನ್ನನ್ನು ಕ್ಷಮಿಸಿದ್ದೇನೆ ಎಂದು ಹೇಳಿಲ್ಲ, ನಾನೂ ಕೇಳಿಲ್ಲ. ಸುಮಾಳ ಮದುವೆಯ ಆಲ್ಬಮ್ಮಿನಲ್ಲಿ ಅವರ ಮುಖ ಇನ್ನು ಬರುವುದಿಲ್ಲ. ಅಲ್ಲಿ ಅತ್ತೆ ಇಲ್ಲದಂತೆ ಮಾಡಿದವಳು ನಾನು ಎಂದು ಸುಮಾಳಿಗೂ ಅವಳ ಮಗಳಿಗೂ ಹೇಳುವುದು ಬಾಕಿ ಇದೆ. ಮಂಡ್ಯದ ಪೂಜೆಗೆ ಅವರು ಬರುತ್ತಾರೆ. ಅಂದೇ ಹೇಳುತ್ತೇನೆ. ಕಾರ್ಡನ್ನು ಸೆರಗಿನಿಂದ ಒರೆಸಿ, ಮುಖ ಮೇಲೆ ಮಾಡಿ, ಅತ್ತೆಯ ಚೀಲದಲ್ಲಿ ಇಟ್ಟೆ.